ಪಂಡಿತರೂ ಕಛೇರಿಯೂ: ರುದ್ರಪಟ್ಟಣದ ಶಾಮಶಾಸ್ತ್ರಿಗಳವರು

ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಡದ ಮೇಲಿರುವ ಗೂಗಲ್ಲಿನ ಯಾವುದೋ ಒಂದು ಮನೆಯ ಅಟ್ಟದಲ್ಲಿ ತಾಳೆಯ ಓಲೆಯ ಕಟ್ಟೊಂದು ಇದೆಯೆಂದು ವಾಚಕರು ಒಂದು ಕ್ಷಣ ಭಾವಿಸಬೇಕು. ಮನೆಯ ಯಜಮಾನನಿಗೆ ಅದನ್ನು ಓದಲು ಬಾರದು. ಹೊಳೆಗೆ ಬಿಡಲು ಮನಸ್ಸೂ ಇಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಆತನು ರಾಯಚೂರಿಗೆ ಬರುತ್ತಾನೆ. ಯಾವ ಕಛೇರಿಯ ಬಾಗಿಲಿಗೆ ಹೋಗಬೇಕು? ಅದನ್ನು ಕೈಗೆ ತೆಗೆದುಕೊಂಡು ದಫ್ತರದಲ್ಲಿ ನಮೂದಿಸುವವರು ಯಾರು? ಓದುವವರು ಯಾರು? ಓದುವವರಿಗೆ ಸಂಬಳ ಕೊಡುವವರು ಯಾರು? ಅವರು ಓದಿದ್ದು ಸರಿಯೋ ತಪ್ಪೋ ಎಂದು ನೋಡುವವರು ಯಾರು? ರಾಯಚೂರಿನಲ್ಲಿ ೨೦೦೯ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆ ಬಳಿಕ ಗುಲಬರ್ಗಾ ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟ ಇನ್ನೊಂದು ವಿಶ್ವವಿದ್ಯಾನಿಲಯವೂ ಈ ಸೀಮೆಯ ಪಾಲಿಗೆ ಬಂದಿತು. ಆದುದರಿಂದ ಈ ಪ್ರಶ್ನೆಗಳು ಬರಿಯ ಕಲ್ಪನೆಯ ಪ್ರಶ್ನೆಗಳೆಂದು ತಳ್ಳಿಹಾಕತಕ್ಕವುಗಳಲ್ಲ.

೧೯೦೫ರ ಸುಮಾರಿಗೆ ಮೈಸೂರಿನಲ್ಲಿ ನಡೆದುದು ಇಂತಹುದೇ ಒಂದು ಸಂಗತಿ. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಒಂದು ಓಲೆಯ ಗ್ರಂಥವನ್ನು ತಂದು ಅಲ್ಲಿಯ ಸರ್ಕಾರಿ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದರು. ಕೊಟ್ಟವರ ಹೆಸರನ್ನು ಲೋಕವು ಮರೆತಿದೆ. ತೆಗೆದುಕೊಂಡು ಓದಿದವರ ಹೆಸರನ್ನು ಮಾತ್ರ ಜರ್ಮನಿಯ ಪಂಡಿತರೂ ಇಂಗ್ಲೆಂಡಿನ ಪಂಡಿತರೂ ಆದರದಿಂದ ಹೇಳಿದರು. ಅವರೇ ಮಹಾಮಹೋಪಾಧ್ಯಾಯ ರುದ್ರಪಟ್ಟಣದ ಶಾಮಶಾಸ್ತ್ರಿಗಳವರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರೆಂದು ಇವರನ್ನು ನಮ್ಮಲ್ಲಿ ಓದುಬರಹ ಬಲ್ಲವರೆಲ್ಲರೂ ಅರಿತಿರುವರು. ಆದರೆ ಆ ಓಲೆ ಬಂದು ಸೇರಿದ ಸ್ಥಳವು ಒಂದು ಕಛೇರಿಯಾಗಿತ್ತು, ಅದನ್ನು ಓದಿದವರು ಆ ಕಛೇರಿಯ ಒಬ್ಬ ನೌಕರರಾಗಿದ್ದರು ಎಂಬುದನ್ನು ನೆನೆಯುವವರು ವಿರಳ. ಶಾಸ್ತ್ರಿಗಳ ಜೀವನವನ್ನು ಇಂದು ನಾವು ಆ ಮಗ್ಗುಲಿನಿಂದ ನೋಡಬಯಸುತ್ತೇವೆ.

ಶಾಸ್ತ್ರಿಗಳು ೧೮೬೮ರಲ್ಲಿ ಹಾಸನ ಸೀಮೆಯ ರುದ್ರಪಟ್ಟಣದಲ್ಲಿ ಜನಿಸಿದರು. ಕಾವೇರಿಯ ತೀರದಲ್ಲಿರುವ ಈ ಗ್ರಾಮವು ವೇದಪಾಠಕ್ಕೂ ಸಂಗೀತಕ್ಕೂ ಹೆಸರುಗೊಂಡ ಸಂಕೇತಿಗಳ ನೆಲೆ. ಮೊದಲ ಪಾಠಗಳು ಊರಿನಲ್ಲಿಯೇ ಆದುವು. ಮುಂದೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಶಾಸ್ತ್ರಾಭ್ಯಾಸ ಮಾಡಿ ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಅಷ್ಟರಿಂದ ತೃಪ್ತರಾಗದೆ ಇಂಗ್ಲಿಷನ್ನು ಕಲಿತು ಮದರಾಸು ವಿಶ್ವವಿದ್ಯಾನಿಲಯದ ಬಿ. ಎ. ಪದವಿಯನ್ನೂ ಪಡೆದರು. ಆ ಕಾಲದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಪಾಠಶಾಲೆಯ ಪಂಡಿತರು ಇಂಗ್ಲಿಷ್ ಕಾಲೇಜಿನ ಕಡೆಗೆ ಮುಖ ಮಾಡುತ್ತಿರಲಿಲ್ಲ. ಕಾಲೇಜಿನ ಪದವೀಧರರಿಗೆ ಪಾಠಶಾಲೆಯೆಂದರೆ ಉದಾಸೀನ. ಎರಡೂ ಮನೆಗಳ ಊಟವುಂಡವರು ಕೈಬೆರಳೆಣಿಕೆಯಷ್ಟು ಮಂದಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಈ ತರುಣನ ಯೋಗ್ಯತೆಯನ್ನು ಕಂಡು ಪ್ರಾಚ್ಯ ಪುಸ್ತಕಾಲಯದಲ್ಲಿ ಸೇರಿಸಿದರು. ಉದ್ಯೋಗದ ಹೆಸರು ಲೈಬ್ರರಿಯನ್ ಎಂದು. ಗ್ರಂಥಗಳನ್ನು ಕಾಯುವುದು, ಕೇಳಿದವರಿಗೆ ತೆಗೆದುಕೊಡುವುದು, ಪಟ್ಟಿಯನ್ನು ಸರಿಯಾಗಿಡುವುದು, ಇವು ಆ ಹುದ್ದೆಯ ಕೆಲಸಗಳು. ಸಂಶೋಧನೆ ಮಾಡೆಂದು ಅವರನ್ನು ಯಾರೂ ನೇಮಿಸಲಿಲ್ಲ. ಮಾಡಬೇಡವೆಂದೂ ಯಾರೂ ಹೇಳಲಿಲ್ಲ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯವಾದುದೆಂದು ನಮಗೆ ತೋರುತ್ತದೆ.

ಆ ಪುಸ್ತಕಾಲಯದ ವಿಷಯವಾಗಿ ಎರಡು ಮಾತು ಹೇಳುವುದು ಅಗತ್ಯ. ೧೮೯೧ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರವರ ಆಳಿಕೆಯಲ್ಲಿ, ಮೈಸೂರು ಸರ್ಕಾರವು ಅದನ್ನು ಸ್ಥಾಪಿಸಿತು. ವಿಕ್ಟೋರಿಯಾ ರಾಣಿಯವರ ಐವತ್ತು ವರ್ಷಗಳ ಆಳಿಕೆಯ ಸ್ಮಾರಕವಾಗಿ ಎದ್ದ ಜ್ಯೂಬಿಲಿ ಕಟ್ಟಡವು ಅದಕ್ಕೆ ಮನೆಯಾಯಿತು. ಹೆಸರಿಗೆ ಪುಸ್ತಕಾಲಯವಾದರೂ ಅದು ಒಂದು ಕಾರ್ಖಾನೆಯಂತಿತ್ತು. ಮಠ ಮಂದಿರಗಳಿಂದಲೂ ಪಂಡಿತರ ಮನೆಗಳಿಂದಲೂ ಓಲೆಗ್ರಂಥಗಳನ್ನು ಕೂಡಿಸಬೇಕು. ಕೊಡಲೊಲ್ಲದವರಿಂದ ಎರವಲು ತಂದು ಪ್ರತಿ ಮಾಡಿಸಿ ಮೂಲವನ್ನು ಹಿಂದಿರುಗಿಸಬೇಕು. ಬಂದುದಕ್ಕೆ ಸಂಖ್ಯೆ ಹಾಕಿ, ಲಿಪಿ ಯಾವುದು, ಓಲೆಗಳೆಷ್ಟು, ಆದಿ ಅಂತ್ಯಗಳು ಹೇಗಿವೆ ಎಂಬುದನ್ನು ಬರೆದಿಡಬೇಕು. ಲಿಪಿಕಾರರು ಎತ್ತಿ ಬರೆದುದನ್ನು ಪಂಡಿತರು ಮೂಲದೊಡನೆ ತಾಳೆನೋಡಬೇಕು. ಅಚ್ಚಿಗೆ ಯೋಗ್ಯವಾದುದನ್ನು ಆರಿಸಿ, ಪಾಠಾಂತರಗಳನ್ನು ಗುರುತಿಸಿ, ಸರ್ಕಾರಿ ಮುದ್ರಣಾಲಯಕ್ಕೆ ಕಳುಹಿಸಿ, ಕರಡಚ್ಚುಗಳನ್ನು ತಿದ್ದಬೇಕು. ಇದೆಲ್ಲಕ್ಕೂ ವರ್ಷಕ್ಕೊಮ್ಮೆ ಸರ್ಕಾರದ ಬಜೆಟ್ಟಿನಲ್ಲಿ ಹಣ ಮಂಜೂರಾಗಬೇಕು. ಆದ ಕೆಲಸದ ವರದಿಯು ಮೇಲಕ್ಕೆ ಹೋಗಬೇಕು. ಆ ದಿನಗಳಲ್ಲಿ ಪುಸ್ತಕಾಲಯದ ಕ್ಯುರೇಟರಾಗಿದ್ದವರು ಎ. ಮಹಾದೇವ ಶಾಸ್ತ್ರಿಗಳು. ತೈತ್ತಿರೀಯ ಸಂಹಿತೆಗೆ ಭಟ್ಟಭಾಸ್ಕರನು ಬರೆದ ಭಾಷ್ಯ ಮೊದಲಾದ ಗ್ರಂಥಗಳು ಇವರ ಕಾಲದಲ್ಲಿ ಅಲ್ಲಿಂದ ಹೊರಬಿದ್ದುವು. ಮೇಲಧಿಕಾರಿಗೆ ಸ್ವತಃ ಪಾಂಡಿತ್ಯವಿದ್ದರೆ ಕೆಳಗಿನವನ ಪಾಂಡಿತ್ಯಕ್ಕೆ ಉಸಿರಾಡಲು ಎಡೆಯಿರುತ್ತದೆ. ಶಾಮಶಾಸ್ತ್ರಿಗಳ ಭಾಗ್ಯದಲ್ಲಿ ಇದೂ ಒಂದು ಅಂಶವೆಂದೇ ನಾವು ಎಣಿಸುತ್ತೇವೆ.

ಇಂತಹ ಸ್ಥಳಕ್ಕೆ ಆ ತಂಜಾವೂರಿನ ಓಲೆಯು ಬಂದಿತು. ಲಿಪಿ ಗ್ರಂಥಾಕ್ಷರ, ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕು. ಕೌಟಿಲ್ಯನ ಅರ್ಥಶಾಸ್ತ್ರವೆಂಬ ಒಂದು ಗ್ರಂಥವಿದ್ದಿತೆಂಬುದು ಪಂಡಿತರಿಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಬಾಣನು ಅದನ್ನು ಹಳಿದಿದ್ದನು, ದಂಡಿಯು ಹೆಸರಿಸಿದ್ದನು, ಕಾಮಂದಕನು ಅದರ ಸಾರವನ್ನು ಸಂಗ್ರಹಿಸಿದ್ದನು, ಮಲ್ಲಿನಾಥನಂತಹ ವ್ಯಾಖ್ಯಾನಕಾರರು ಅಲ್ಲಲ್ಲಿ ಅದರ ಮಾತುಗಳನ್ನು ಎತ್ತಿಕೊಂಡಿದ್ದರು. ಆದರೆ ಪೂರ್ಣಗ್ರಂಥವನ್ನು ಕಂಡವರಿರಲಿಲ್ಲ. ಅದು ಕಾಲಗರ್ಭದಲ್ಲಿ ಸೇರಿಹೋಯಿತೆಂದೇ ಎಲ್ಲರೂ ನಂಬಿದ್ದರು. ಓಲೆಗಳನ್ನು ಬಿಡಿಸಿ ಓದತೊಡಗಿದ ಶಾಸ್ತ್ರಿಗಳಿಗೆ ತಮ್ಮ ಕೈಯಲ್ಲಿರುವುದು ಏನೆಂಬುದು ತಿಳಿದಾಗ ಅವರ ವಯಸ್ಸು ಮೂವತ್ತೇಳು.

ಮುಂದೆ ಅವರು ನಡೆದ ಕ್ರಮವನ್ನು ಗಮನಿಸಬೇಕು. ಗ್ರಂಥವೆಲ್ಲವೂ ಅಚ್ಚಾಗುವವರೆಗೆ ಬಚ್ಚಿಟ್ಟುಕೊಂಡು ಒಮ್ಮೆಗೇ ಲೋಕವನ್ನು ಬೆರಗುಗೊಳಿಸುವ ಆಸೆಯು ಅವರಿಗೆ ಬರಲಿಲ್ಲ. ಭೂಮಿ ಮತ್ತು ಕಂದಾಯಗಳಿಗೆ ಸಂಬಂಧಿಸಿದ ಭಾಗವನ್ನು ೧೯೦೫ರಲ್ಲಿಯೇ ಇಂಡಿಯನ್ ಆಂಟಿಕ್ವರಿಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅನಂತರ ಮೈಸೂರು ರಿವ್ಯೂ ಪತ್ರಿಕೆಯಲ್ಲಿ ಭಾಗಭಾಗವಾಗಿ ಅನುವಾದವು ಬರತೊಡಗಿತು. ತಪ್ಪಿದ್ದರೆ ತೋರಿಸಿರೆಂದು ಪಂಡಿತಲೋಕದ ಮುಂದೆ ತಮ್ಮ ಓದನ್ನು ಇಟ್ಟಂತಾಯಿತು. ಒಂದೇ ಪ್ರತಿಯನ್ನು, ಅದೂ ಅಲ್ಲಲ್ಲಿ ತಪ್ಪಿರುವ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ವರ್ಷಗಳ ಹಿಂದಿನ ತೂಕ, ಅಳತೆ, ಲೋಹ, ಸುಂಕ, ಸೈನ್ಯಗಳ ಪಾರಿಭಾಷಿಕ ಪದಗಳನ್ನು ಅರ್ಥೈಸುವುದು ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದಂತಹ ಕೆಲಸ. ೧೯೦೯ರಲ್ಲಿ ಮೂಲವು ಮೈಸೂರಿನ ಸರ್ಕಾರಿ ಬ್ರಾಂಚ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಪುಸ್ತಕಾಲಯದ ಸಂಸ್ಕೃತ ಗ್ರಂಥಮಾಲೆಯಲ್ಲಿ ಅದರ ಸಂಖ್ಯೆ ೩೭.

ಈ ಸಂಖ್ಯೆಯು ಒಂದು ಕಥೆಯನ್ನು ಹೇಳುತ್ತದೆ. ಅದಕ್ಕೆ ಮೊದಲು ಮೂವತ್ತಾರು ಸಂಖ್ಯೆಗಳು ಅದೇ ಮಾಲೆಯಲ್ಲಿ ಬಂದಿದ್ದುವು. ಅವುಗಳಲ್ಲಿ ಯಾವುದರಿಂದಲೂ ಲೋಕದಲ್ಲಿ ಇಂತಹ ಕೋಲಾಹಲವಾಗಲಿಲ್ಲ. ಮಾರಾಟದಿಂದ ಖರ್ಚು ಹುಟ್ಟಿರಲಾರದು. ಯಾವನಾದರೊಬ್ಬ ಜಾಣ ಲೆಕ್ಕಾಧಿಕಾರಿಯು ಇಪ್ಪತ್ತನೆಯ ಸಂಖ್ಯೆಯ ಹೊತ್ತಿಗೆ ಈ ಮಾಲೆಯಿಂದ ಸಂಸ್ಥಾನಕ್ಕೆ ಆದ ಲಾಭವೇನೆಂದು ಕೇಳಿ ಮಂಜೂರಾತಿಯನ್ನು ನಿಲ್ಲಿಸಿದ್ದರೆ, ಮೂವತ್ತೇಳನೆಯದು ಬರುತ್ತಿರಲಿಲ್ಲ. ಅಚ್ಚಿನ ವ್ಯವಸ್ಥೆಯೇ ಇಲ್ಲದಿದ್ದರೆ ಓಲೆಯು ಓಲೆಯಾಗಿಯೇ ಉಳಿಯುತ್ತಿತ್ತು. ಹದಿನಾಲ್ಕು ವರ್ಷಗಳ ಕಾಲ ಫಲವನ್ನು ಕೇಳದೆ ಆ ಬಾಗಿಲನ್ನು ತೆರೆದಿಟ್ಟುದಕ್ಕಾಗಿಯೇ ತಂಜಾವೂರಿನ ಪಂಡಿತರಿಗೆ ಹೋಗಲು ಒಂದು ಬಾಗಿಲು ಇದ್ದಿತು.

ಗ್ರಂಥದ ಸ್ವರೂಪವನ್ನು ವಾಚಕರು ಬಲ್ಲರು. ಹದಿನೈದು ಅಧಿಕರಣಗಳು, ನೂರೈವತ್ತು ಅಧ್ಯಾಯಗಳು. ಎರಡನೆಯ ಅಧಿಕರಣದ ಹೆಸರೇ ಅಧ್ಯಕ್ಷಪ್ರಚಾರ. ಇಲಾಖೆಗೊಬ್ಬ ಅಧ್ಯಕ್ಷ, ಅಕ್ಷಪಟಲವೆಂಬ ಲೆಕ್ಕದ ಕಛೇರಿ, ವರ್ಷಾಂತ್ಯಕ್ಕೆ ಲೆಕ್ಕ ಒಪ್ಪಿಸುವ ವಿಧಿ, ತಡಮಾಡಿದವರಿಗೆ ದಂಡ, ರಾಜಧನವನ್ನು ನೌಕರರು ನುಂಗುವ ನಲವತ್ತು ಬಗೆಗಳ ಎಣಿಕೆ, ಇವೆಲ್ಲವೂ ಅಲ್ಲಿವೆ. ನಮ್ಮ ಕಛೇರಿಗಳಲ್ಲಿ ಇಂದು ಕುಳಿತಿರುವ ಮಹನೀಯರು ಅದನ್ನು ಓದಿದರೆ ತಮ್ಮ ಮೇಜಿನ ಮೇಲಿನ ಕಾಗದಗಳನ್ನೇ ಓದಿದಂತೆ ಭಾಸವಾದೀತು. ಇಷ್ಟು ಕಠಿಣವಾದ ಮೇಲ್ವಿಚಾರಣೆಯ ಶಾಸ್ತ್ರವನ್ನು ಉದ್ಧರಿಸಿದ ಪುರುಷನು ಸ್ವತಃ ಒಂದು ಸೌಮ್ಯವಾದ ಮೇಲ್ವಿಚಾರಣೆಯ ನೆರಳಿನಲ್ಲಿ ಕುಳಿತು ಆ ಕೆಲಸವನ್ನು ಮಾಡಿದನೆಂಬುದು ನಮಗೆ ವಿನೋದವಾಗಿ ಕಾಣುತ್ತದೆ.

ಪೂರ್ಣ ಇಂಗ್ಲಿಷ್ ಅನುವಾದವು ೧೯೧೫ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂದಿತು. ಅದಕ್ಕೆ ಮುನ್ನುಡಿ ಬರೆದವರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದು ನಮಗೆಲ್ಲ ಪರಿಚಿತರಾದ ಡಾಕ್ಟರ್ ಫ್ಲೀಟರು. ಅದೇ ವರ್ಷದಲ್ಲಿ ನಮ್ಮ ರಾಯಚೂರು ಸೀಮೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ನಿಜಾಮ್ ಸರ್ಕಾರದ ಪರವಾಗಿ ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಒಂದು ಬರಹವನ್ನು ಕಂಡರು. ೧೯೧೪ರಲ್ಲಿಯಷ್ಟೇ ಹುಟ್ಟಿದ್ದ ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯು ಅದನ್ನು ಹೆಚ್. ಕೃಷ್ಣಶಾಸ್ತ್ರಿಗಳಿಂದ ಓದಿಸಿ ತನ್ನ ಗ್ರಂಥಮಾಲೆಯ ಮೊದಲನೆಯ ಸಂಖ್ಯೆಯಾಗಿ ಪ್ರಕಟಿಸಿತು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದು ಮಾತ್ರವಿದ್ದಿತು. ಅಶೋಕನ ಹೆಸರು ಸ್ಪಷ್ಟವಾಗಿ ಕಂಡುದು ಮಸ್ಕಿಯಲ್ಲಿ. ಹೀಗೆ ಮೌರ್ಯರ ಕಾಲದ ಮೇಲೆ ೧೯೧೫ರಲ್ಲಿ ಬಿದ್ದ ಎರಡು ಬೆಳಕುಗಳೂ ಕನ್ನಡನಾಡಿನಿಂದಲೇ ಬಿದ್ದುವು. ಒಂದು ಮೈಸೂರಿನ ಕಛೇರಿಯಿಂದ, ಇನ್ನೊಂದು ಹೈದರಾಬಾದಿನ ಕಛೇರಿಯಿಂದ. ಆಗ ಈ ಎರಡು ಸಂಸ್ಥಾನಗಳಲ್ಲಿ ಒಂದರಲ್ಲಿಯೂ ವಿಶ್ವವಿದ್ಯಾನಿಲಯವಿರಲಿಲ್ಲ.

ಯೂರೋಪಿನಲ್ಲಿ ಅರ್ಥಶಾಸ್ತ್ರಕ್ಕೆ ದೊರೆತ ಸ್ವಾಗತವು ಅಸಾಧಾರಣವಾದುದು. ಹಿಲ್ಲೆಬ್ರಾಂಡ್ಟ್, ಯಾಕೋಬಿ, ಯೋಲಿ ಮೊದಲಾದ ಜರ್ಮನ್ ವಿದ್ವಾಂಸರು ಅದರ ಕಾಲವನ್ನೂ ಕರ್ತೃವನ್ನೂ ಕುರಿತು ವರ್ಷಗಟ್ಟಲೆ ಚರ್ಚಿಸಿದರು. ಮ್ಯೂನಿಕ್ ನಗರದ ಗ್ರಂಥಭಾಂಡಾರದಲ್ಲಿ ಇನ್ನೊಂದು ಪ್ರತಿಯು ಕಂಡುಬಂದಿತು. ಯೋಲಿಯವರು ಲಾಹೋರಿನಲ್ಲಿಯೂ, ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳೂ ಬೇರೆ ಬೇರೆ ಆವೃತ್ತಿಗಳನ್ನು ಹೊರತಂದರು. ಇವುಗಳಿಂದ ಶಾಮಶಾಸ್ತ್ರಿಗಳ ಪಾಠದಲ್ಲಿಯೂ ಅನುವಾದದಲ್ಲಿಯೂ ಹಲವು ದೋಷಗಳು ಹೊರಬಿದ್ದುವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೊದಲು ಕಾಡಿನಲ್ಲಿ ದಾರಿ ಕಡಿದವನ ಕಾಲಿಗೆ ಮುಳ್ಳು ಚುಚ್ಚುವುದು ಸಹಜ. ಶಾಸ್ತ್ರಿಗಳು ತಿದ್ದಿಕೊಂಡರು. ಮೂಲಕ್ಕೆ ೧೯೧೯ರಲ್ಲಿ ಎರಡನೆಯ ಆವೃತ್ತಿ. ಅನುವಾದಕ್ಕೆ ೧೯೨೩ರಲ್ಲಿ ಎರಡನೆಯದು, ೧೯೨೯ರಲ್ಲಿ ಮೂರನೆಯದು. ಇವುಗಳ ನಡುವೆ, ೧೯೨೪-೨೫ರಲ್ಲಿ, ಅರ್ಥಶಾಸ್ತ್ರದ ಸಮಸ್ತ ಪದಗಳ ಸೂಚಿಯನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿದರು. ಪದಸೂಚಿಯನ್ನು ಯಾರೂ ಕಥೆಯಂತೆ ಕುಳಿತು ಓದುವುದಿಲ್ಲ. ಅದನ್ನು ಬರೆದವನಿಗೆ ಸಭೆಯಲ್ಲಿ ಹಾರ ಬೀಳುವುದಿಲ್ಲ. ಮುಂದಿನ ವಿದ್ವಾಂಸರು ತಮ್ಮನ್ನು ಪರೀಕ್ಷಿಸಿ ತಿದ್ದಲು ಅನುಕೂಲವಾಗಲೆಂದು ತಾವೇ ಕೊಟ್ಟ ಸಾಧನವದು. ಸಾರ್ವಜನಿಕರ ಹಣದಿಂದ ಇಂತಹ ಗ್ರಂಥವನ್ನು ಅಚ್ಚುಹಾಕಿಸಲು ಒಪ್ಪಿದ ಕಛೇರಿಯನ್ನೂ ನಾವು ಮೆಚ್ಚಬೇಕು.

ಅಷ್ಟರಲ್ಲಿ ಆ ಕಛೇರಿಯ ಯಜಮಾನಿಕೆಯೇ ಬದಲಾಗಿತ್ತು. ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಕುಲಾಧಿಪತಿಗಳು, ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾರ್ಯೋತ್ಸಾಹವು ಅದರ ಬೆನ್ನಿಗಿದ್ದಿತು. ಮೊದಲನೆಯ ವೈಸ್ ಛಾನ್ಸಲರ್ ಹೆಚ್. ವಿ. ನಂಜುಂಡಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಹೌದು. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ವಿವರಗಳನ್ನು ಸರ್ಕಾರಿ ಕೆಲಸದ ನಡುವೆ ತಾವೇ ಕೂಡಿಸಿದವರು. ಅವರು ೧೯೨೦ರಲ್ಲಿ ತೀರಿಕೊಂಡ ಬಳಿಕ ಅನಂತಕೃಷ್ಣ ಅಯ್ಯರವರಿಂದ ಆ ಕೆಲಸವನ್ನು ಮುಗಿಸಿಸಿ ಸಂಪುಟಗಳನ್ನು ಪ್ರಕಟಿಸಿದುದು ಅದೇ ವಿಶ್ವವಿದ್ಯಾನಿಲಯ. ಪ್ರಾಚ್ಯ ಪುಸ್ತಕಾಲಯವೂ ೧೯೧೬ರಲ್ಲಿಯೇ ವಿಶ್ವವಿದ್ಯಾನಿಲಯದ ಅಂಗವಾಯಿತು. ಅದುವರೆಗೆ ದಿವಾನರ ಕಛೇರಿಯ ಕಡೆಗೆ ಮುಖ ಮಾಡಿದ್ದ ಪಂಡಿತರು ಇನ್ನು ಮೇಲೆ ಸೆನೆಟ್ಟು, ಕೌನ್ಸಿಲು, ರಿಜಿಸ್ಟ್ರಾರರ ಕಛೇರಿ ಇವುಗಳ ಕಡೆಗೆ ನೋಡಬೇಕಾಯಿತು. ಸರ್ಕಾರದ ಇಲಾಖೆಗೂ ವಿಶ್ವವಿದ್ಯಾನಿಲಯಕ್ಕೂ ಭೇದವಿದೆ. ಇಲಾಖೆಯು ಮಾಡಿದ ಕೆಲಸವನ್ನು ಸರ್ಕಾರದ ಕೆಲಸವೆನ್ನುತ್ತದೆ. ವಿಶ್ವವಿದ್ಯಾನಿಲಯವು ಅದನ್ನು ಮಾಡಿದವನ ಹೆಸರಿಗೆ ಬಿಡುತ್ತದೆ, ಹಾಗೆಯೇ ಅದರ ತಪ್ಪುಒಪ್ಪುಗಳ ಹೊಣೆಯನ್ನೂ ಅವನ ತಲೆಗೇ ಹಾಕುತ್ತದೆ.

ಆ ನಡುವಿನ ಕೆಲವು ವರ್ಷಗಳಲ್ಲಿ ಶಾಸ್ತ್ರಿಗಳು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಾಧಿಕಾರಿಗಳಾಗಿದ್ದು, ಬಳಿಕ ಪುಸ್ತಕಾಲಯಕ್ಕೆ ಕ್ಯುರೇಟರಾಗಿ ಹಿಂದಿರುಗಿದರು. ತಾವು ಯಾವ ಮನೆಯಲ್ಲಿ ಲೈಬ್ರರಿಯನ್ ಆಗಿದ್ದರೋ ಅದರ ಯಜಮಾನಿಕೆಯೇ ಕೈಗೆ ಬಂದಿತು.

ಇಲ್ಲಿ ಕಲ್ಕತ್ತೆಯ ಮಾತನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಪರೀಕ್ಷೆ ನಡೆಸಿ ಪದವಿ ಹಂಚುವ ಯಂತ್ರಗಳಾಗಿದ್ದ ನಮ್ಮ ವಿಶ್ವವಿದ್ಯಾನಿಲಯಗಳನ್ನು ಸಂಶೋಧನೆಯ ಪೀಠಗಳನ್ನಾಗಿ ಮಾಡಲು ಹೆಣಗಿದ ಮೊದಲ ಮಹಾಪುರುಷರು ಸರ್ ಆಶುತೋಷ ಮುಖರ್ಜಿಯವರು. ವೃತ್ತಿಯಿಂದ ಹೈಕೋರ್ಟಿನ ನ್ಯಾಯಾಧೀಶರು. ಧನಿಕರಿಂದ ದಾನಗಳನ್ನು ಸಂಪಾದಿಸಿ ಪ್ರಾಧ್ಯಾಪಕ ಪೀಠಗಳನ್ನು ಕಟ್ಟಿದರು. ದೇಶದ ಯಾವ ಮೂಲೆಯಲ್ಲಿ ಯೋಗ್ಯನಿದ್ದರೂ ಹುಡುಕಿ ಕರೆಸಿದರು. ಹಣಕಾಸಿನ ಇಲಾಖೆಯಲ್ಲಿ ಲೆಕ್ಕದ ಅಧಿಕಾರಿಯಾಗಿದ್ದ ಸಿ. ವಿ. ರಾಮನ್‌ರವರನ್ನು ೧೯೧೭ರಲ್ಲಿ ಪಾಲಿತ್ ಪೀಠಕ್ಕೆ ತಂದು ಕೂರಿಸಿದವರು ಇವರೇ. ಮೈಸೂರಿನ ಪುಸ್ತಕಾಲಯದಲ್ಲಿದ್ದ ಶಾಮಶಾಸ್ತ್ರಿಗಳನ್ನೂ ಇವರು ಕಂಡುಕೊಂಡರು. ಆಹ್ವಾನದ ಮೇರೆಗೆ ಶಾಸ್ತ್ರಿಗಳು ಕಲ್ಕತ್ತೆಯಲ್ಲಿ ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತು ಉಪನ್ಯಾಸಮಾಲೆಯನ್ನು ನಡೆಸಿದರು. ೧೯೨೦ರಲ್ಲಿ ಆ ವಿಶ್ವವಿದ್ಯಾನಿಲಯವೇ ಅದನ್ನು ಪುಸ್ತಕವಾಗಿ ಪ್ರಕಟಿಸಿತು. ೧೯೨೧ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನೂ ಕೊಟ್ಟಿತು. ಮೈಸೂರಿನ ಪಂಡಿತನಿಗೆ ಡಾಕ್ಟರ್ ಪದವಿಯು ಕಲ್ಕತ್ತೆಯಿಂದ ಬರಬೇಕಾಯಿತಲ್ಲ ಎಂದು ಮೈಸೂರಿನ ಅಭಿಮಾನಿಗಳು ಸ್ವಲ್ಪ ನೊಂದುಕೊಂಡರೆ ತಪ್ಪಲ್ಲ. ಅನ್ನವನ್ನೂ ಅವಕಾಶವನ್ನೂ ಕೊಟ್ಟುದು ಮೈಸೂರು. ಮಾನವನ್ನು ಮೊದಲು ಕೊಟ್ಟುದು ಕಲ್ಕತ್ತೆ.

೧೯೨೨ರಲ್ಲಿ ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು ನಿವೃತ್ತರಾಗಲು, ಮೈಸೂರಿನ ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ಡೈರೆಕ್ಟರ್ ಪದವಿಯು ಶಾಸ್ತ್ರಿಗಳಿಗೆ ಬಂದಿತು. ಬಿ. ಎಲ್. ರೈಸರಿಂದ ನಡೆದುಬಂದ ಈ ಇಲಾಖೆಯ ವಾರ್ಷಿಕ ವರದಿಗಳು ಕರ್ಣಾಟಕದ ಇತಿಹಾಸಕಾರರಿಗೆ ಕಾಮಧೇನುವಿದ್ದಂತೆ. ವರ್ಷದಲ್ಲಿ ಯಾವ ಯಾವ ಊರುಗಳಿಗೆ ಹೋದರು, ಯಾವ ಗುಡಿಗಳನ್ನು ಪರೀಕ್ಷಿಸಿದರು, ಎಷ್ಟು ಶಾಸನಗಳ ಪ್ರತಿ ತೆಗೆದರು, ಯಾವ ನಾಣ್ಯಗಳು ಯಾವ ಓಲೆಗಳು ಬಂದುವು ಎಂಬುದೆಲ್ಲವೂ ಅಲ್ಲಿ ನಮೂದಾಗಬೇಕು. ಇದು ಪಂಡಿತನ ಮೇಲೆ ಕಛೇರಿಯು ಇಟ್ಟ ಕಣ್ಣು. ಹಲವು ಪಂಡಿತರು ಇದನ್ನು ಕಾಟವೆಂದು ಗೊಣಗುತ್ತಾರೆ. ಆದರೆ ಲೆಕ್ಕ ಒಪ್ಪಿಸಲೆಂದು ಬರೆದ ಈ ವರದಿಗಳೇ ಇಂದು ಶೋಧಕರ ಮೇಜಿನ ಮೇಲಿವೆ. ಆ ಊರುಗಳಲ್ಲಿ ಅಂದು ನಿಂತಿದ್ದ ಎಷ್ಟೋ ಕಲ್ಲುಗಳು ಇಂದು ಕಾಣಸಿಗುವುದಿಲ್ಲ. ವರದಿಯಲ್ಲಿ ಮಾತ್ರ ಉಳಿದಿವೆ. ಮೇಲ್ವಿಚಾರಣೆಯು ಪಂಡಿತನಿಂದ ಕೇಳಬೇಕಾದುದು ಇಂತಹುದನ್ನು: ಎಲ್ಲಿಗೆ ಹೋದೆ, ಏನು ಕಂಡೆ, ಎಷ್ಟು ಖರ್ಚಾಯಿತು, ಇನ್ನೊಬ್ಬನು ಹೋಗಿ ನೋಡಲು ಗುರುತೇನು.

ಅಭಿಪ್ರಾಯದ ಮಾತು ಬೇರೆ. ಶಾಸ್ತ್ರಿಗಳು ತಮ್ಮ ಮೊದಲ ವರ್ಷಗಳ ವರದಿಯೊಂದರಲ್ಲಿ ಗುಪ್ತರ ಕಾಲವನ್ನು ಕುರಿತು ಒಂದು ಹೊಸ ವಾದವನ್ನು ಹೂಡಿದರು. ಗುಪ್ತಶಕೆಯು ಕ್ರಿ. ಶ. ೩೧೯-೨೦ರಲ್ಲಿ ಆರಂಭವಾಯಿತೆಂಬುದು ಫ್ಲೀಟರ ಕಾಲದಿಂದ ವಿದ್ವಾಂಸರು ಒಪ್ಪಿದ್ದ ಮಾತು. ಶಾಸ್ತ್ರಿಗಳು ಗ್ರಹಣಾದಿಗಳ ಗಣಿತವನ್ನು ಆಧಾರವಾಗಿಟ್ಟುಕೊಂಡು ಅದನ್ನು ಒಂದು ಶತಮಾನಕ್ಕೂ ಹಿಂದಕ್ಕೆ ಒಯ್ದರು. ತಮ್ಮ ಗ್ರಂಥಕ್ಕೆ ಮುನ್ನುಡಿ ಬರೆದು ಆದರಿಸಿದವರ ಸಿದ್ಧಾಂತವನ್ನೇ ಅಲ್ಲಗಳೆದಂತಾಯಿತು. ವಾದವು ನಿಲ್ಲಲಿಲ್ಲ, ಇತಿಹಾಸಜ್ಞರು ಅದನ್ನು ಅಂಗೀಕರಿಸಲಿಲ್ಲ. ನಮಗೆ ಮುಖ್ಯವಾದುದು ಬೇರೊಂದು ಅಂಶ. ವಾದವು ಸರ್ಕಾರಿ ಮುದ್ರೆಯ ವರದಿಯಲ್ಲಿಯೇ ಅಚ್ಚಾಯಿತು. ಅದಕ್ಕೆ ಉತ್ತರಗಳೂ ಪತ್ರಿಕೆಗಳಲ್ಲಿ ಅಚ್ಚಾದುವು. ಶಾಸ್ತ್ರಿಗಳು ೧೯೨೯ರವರೆಗೂ ತಮ್ಮ ಪದವಿಯಲ್ಲಿಯೇ ಇದ್ದರು. ಆಗ ವೈಸ್ ಛಾನ್ಸಲರಾಗಿದ್ದವರು ಆಚಾರ್ಯ ಬ್ರಜೇಂದ್ರನಾಥ ಶೀಲರು, ಸ್ವತಃ ಮಹಾಜ್ಞಾನಿಗಳು. ಪಂಡಿತನ ತಪ್ಪನ್ನು ತಿದ್ದತಕ್ಕವರು ಪಂಡಿತರೇ ಹೊರತು ಗುಮಾಸ್ತರಲ್ಲವೆಂಬ ವಿವೇಕವು ಆ ಕಾಲದ ಮೈಸೂರಿನಲ್ಲಿದ್ದಿತು.

ಶಾಸ್ತ್ರಿಗಳ ಬಳಿಕ ಆ ಪೀಠಕ್ಕೆ ಬಂದ ಡಾಕ್ಟರ್ ಎಂ. ಹೆಚ್. ಕೃಷ್ಣರವರು ಡೈರೆಕ್ಟರ್ ಪದವಿಯ ಜೊತೆಗೆ ಇತಿಹಾಸದ ಪ್ರಾಧ್ಯಾಪಕ ಪದವಿಯನ್ನೂ ಹೊತ್ತರು. ಬೆಳಗ್ಗೆ ಪಾಠ, ರಜೆಯಲ್ಲಿ ಅಗೆತ. ಇದರಲ್ಲಿ ಮಿತವ್ಯಯದ ಉದ್ದೇಶವೂ ಇದ್ದಿತೆಂದು ನಮ್ಮ ಊಹೆ. ಒಬ್ಬ ಮನುಷ್ಯನ ಮೇಲೆ ಎರಡು ಹೊರೆ ಹೊರಿಸುವ ಚಾಳಿ ನಮ್ಮ ಸಂಸ್ಥೆಗಳಿಗೆ ಹೊಸದಲ್ಲ. ಆದರೂ ಚಂದ್ರವಳ್ಳಿಯ ಉತ್ಖನನ, ೧೯೩೬ರಲ್ಲಿ ಹಲ್ಮಿಡಿಯ ಶಾಸನದ ಪ್ರಕಟಣೆ ಇವು ಆ ಜೋಡುನೊಗದ ಫಲಗಳೇ.

ಬಿರುದುಗಳು ಶಾಸ್ತ್ರಿಗಳಿಗೆ ತಡವಾಗಿ ಬಂದರೂ ಸಾಲಾಗಿ ಬಂದುವು. ಮೈಸೂರು ಅರಮನೆಯಿಂದ ಅರ್ಥಶಾಸ್ತ್ರವಿಶಾರದ, ಭಾರತ ಸರ್ಕಾರದಿಂದ ಮಹಾಮಹೋಪಾಧ್ಯಾಯ, ಕಾಶಿಯಿಂದ ಪಂಡಿತರಾಜ. ಮೈಸೂರಿನಲ್ಲಿ ಇಂದಿಗೂ ಒಂದು ಕಥೆಯನ್ನು ಹೇಳುತ್ತಾರೆ: ಮಹಾರಾಜರು ಪರದೇಶಕ್ಕೆ ಹೋಗಿದ್ದಾಗ ಜರ್ಮನಿಯ ಒಬ್ಬ ವಿದ್ವಾಂಸರು, ತಾವು ಶಾಮಶಾಸ್ತ್ರಿಗಳ ಮೈಸೂರಿನವರೋ ಎಂದು ಅವರನ್ನು ವಿಚಾರಿಸಿದರಂತೆ, ಮಹಾರಾಜರು ಹಿಂದಿರುಗಿ ಶಾಸ್ತ್ರಿಗಳನ್ನು ಬರಮಾಡಿಕೊಂಡು, ಅಲ್ಲಿ ದೊರೆ ನೀವು, ನಾವು ನಿಮ್ಮ ಊರಿನವರು ಮಾತ್ರ ಎಂಬ ಅರ್ಥದಲ್ಲಿ ಮಾತಾಡಿದರಂತೆ. ಕಥೆಯು ಅಕ್ಷರಶಃ ನಿಜವೋ, ಜನರ ಬಾಯಲ್ಲಿ ಬೆಳೆದುದೋ ಎಂದು ನಾವು ತೀರ್ಪು ಕೊಡಲು ಹೊರಟಿಲ್ಲ. ತನ್ನ ಪಂಡಿತನ ಬೆಲೆಯನ್ನು ದೂರದವರ ಬಾಯಿಂದ ಕೇಳಿದ ಮೇಲೆಯೇ ಊರು ಅರಿತುಕೊಳ್ಳುವುದೆಂಬುದನ್ನು ಕಥೆಗಾರರು ಚೆನ್ನಾಗಿ ಬಲ್ಲರು.

ನಿವೃತ್ತಿಯ ಅನಂತರವೂ ಶಾಸ್ತ್ರಿಗಳ ಲೇಖನಿ ವಿಶ್ರಮಿಸಲಿಲ್ಲ. ವೇದಕಾಲದ ಪಂಚಾಂಗವು ಅವರಿಗೆ ತಾರುಣ್ಯದಿಂದಲೂ ಪ್ರಿಯವಾದ ವಿಷಯ; ಗವಾಮಯನವನ್ನು ಕುರಿತ ಗ್ರಂಥವನ್ನು ಅರ್ಥಶಾಸ್ತ್ರದ ಮೂಲಕ್ಕಿಂತಲೂ ಮೊದಲೇ, ೧೯೦೮ರಲ್ಲಿ, ಪ್ರಕಟಿಸಿದ್ದರು. ೧೯೩೬ರಲ್ಲಿ ವೇದಾಂಗಜ್ಯೋತಿಷವನ್ನೂ, ೧೯೩೮ರ ವೇಳೆಗೆ ಗ್ರಹಣಗಳ ಆವರ್ತನೆಯನ್ನು ಕುರಿತ ದ್ರಪ್ಸವೆಂಬ ಗ್ರಂಥವನ್ನೂ ಹೊರತಂದರು. ಈ ಕೃತಿಗಳನ್ನು ಇಂದು ಓದುವವರು ಕಡಿಮೆ. ಬಹುಶಃ ಅವರ ಮನಸ್ಸು ನಿಜವಾಗಿ ನೆಟ್ಟಿದ್ದುದು ಇವುಗಳಲ್ಲಿಯೇ. ಕೈಗೆ ತಾನಾಗಿ ಬಂದ ಓಲೆಯಿಂದ ಕೀರ್ತಿ ಬಂದಿತು; ತಾವಾಗಿ ಆರಿಸಿಕೊಂಡ ವಿಷಯದಿಂದ ಬರಲಿಲ್ಲ. ೧೯೪೩ರಲ್ಲಿ ಪ್ರಾಚ್ಯ ಪುಸ್ತಕಾಲಯವು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ತಳೆಯಿತು. ಮರುವರ್ಷ, ೧೯೪೪ರ ಜನವರಿಯಲ್ಲಿ, ಶಾಸ್ತ್ರಿಗಳು ದಿವಂಗತರಾದರು.

ಅವರು ತೆರೆದ ದಾರಿಯಲ್ಲಿ ಮುಂದೆ ನಡೆದವರೂ ವಿಶ್ವವಿದ್ಯಾನಿಲಯಗಳ ನೆರಳಿನವರೇ. ಆರ್. ಪಿ. ಕಾಂಗಲೆಯವರು ದೊರೆತ ಪ್ರತಿಗಳೆಲ್ಲವನ್ನೂ ತಾಳೆನೋಡಿ ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿಯನ್ನು ಮುಂಬಯಿ ವಿಶ್ವವಿದ್ಯಾನಿಲಯವು ೧೯೬೦ರಿಂದ ೧೯೬೫ರೊಳಗೆ ಮೂರು ಭಾಗಗಳಲ್ಲಿ ಪ್ರಕಟಿಸಿತು. ಗ್ರಂಥವು ಒಬ್ಬನ ಕೈಯದೇ, ಹಲವರ ಕೈಯದೇ, ಮೌರ್ಯರ ಕಾಲದ್ದೇ, ಅದಕ್ಕೂ ಈಚಿನದೇ ಎಂಬ ಚರ್ಚೆಯು ಶಾಸ್ತ್ರಿಗಳು ಹೇಳಿದಲ್ಲಿಗೆ ನಿಲ್ಲದೆ ಮುಂದುವರಿದಿದೆ. ಈಚಿನದೆಂಬ ಪಕ್ಷಕ್ಕೆ ಇಂದು ಬಲ ಹೆಚ್ಚು. ಅವರ ಮೂಲಪಾಠವಿಲ್ಲದಿದ್ದರೆ ಈ ಚರ್ಚೆಯೇ ಇಲ್ಲ.

ಇಂದಿನ ವಿಶ್ವವಿದ್ಯಾನಿಲಯದ ಕಛೇರಿಯಲ್ಲಿ ಸಂಶೋಧನೆಗೆಂದು ಪ್ರತ್ಯೇಕ ವಿಭಾಗಗಳಿವೆ. ಯೋಜನೆಯ ಅರ್ಜಿ, ಧನಸಹಾಯ ಆಯೋಗದ ನಿಯಮಗಳು, ಕೊಳ್ಳುವ ಪ್ರತಿ ಸಾಮಾನಿಗೆ ದರಪಟ್ಟಿ, ಖರ್ಚಾದುದಕ್ಕೆ ಬಳಕೆಯ ಪ್ರಮಾಣಪತ್ರ, ಪ್ರಬಂಧದಲ್ಲಿ ಕೃತಿಚೌರ್ಯವಿದೆಯೇ ಎಂಬ ಪರೀಕ್ಷೆ, ಇವೆಲ್ಲವೂ ನಡೆಯುತ್ತವೆ. ಇವು ವ್ಯರ್ಥವೆಂದು ನಾವು ಹೇಳಲಾರೆವು. ಸಾರ್ವಜನಿಕರ ಹಣವು ಹೋದಲ್ಲಿ ಲೆಕ್ಕವು ಹೋಗಲೇಬೇಕು. ಕೌಟಿಲ್ಯನೂ ಇದಕ್ಕೆ ತಲೆದೂಗುತ್ತಿದ್ದನು. ಆದರೆ ಮೂರು ವರ್ಷದೊಳಗೆ ಯಾವ ಫಲ ಬರುವುದೆಂದು ಅರ್ಜಿಯಲ್ಲಿಯೇ ಬರೆಯಬೇಕೆಂಬ ಕಲಮು ೧೯೦೫ರಲ್ಲಿ ಇದ್ದಿದ್ದರೆ ಶಾಮಶಾಸ್ತ್ರಿಗಳು ಆ ಜಾಗದಲ್ಲಿ ಏನನ್ನು ಬರೆಯಬಹುದಾಗಿತ್ತೆಂದು ನಾವು ಯೋಚಿಸಿದ್ದುಂಟು. ಯಾರೋ ಒಬ್ಬರು ಯಾವುದೋ ಓಲೆಯನ್ನು ತರುವರೆಂದೇ? ಗೂಗಲ್ಲಿನ ಆ ಯಜಮಾನನು ರಾಯಚೂರಿಗೆ ಬಂದರೆ, ಫಲದ ಮಾತನ್ನು ಬದಿಗಿಟ್ಟು ಮೊದಲು ಕಟ್ಟನ್ನು ಕೈಗೆ ತೆಗೆದುಕೊಂಡು ಸಂಖ್ಯೆ ಹಾಕುವ ಒಬ್ಬ ನೌಕರನೂ, ಅದನ್ನು ಓದಬಲ್ಲ ಒಬ್ಬ ಪಂಡಿತನೂ, ಅವನ ತಿಂಗಳ ಸಂಬಳವನ್ನು ತಪ್ಪದೆ ಕಳುಹಿಸುವ ಒಬ್ಬ ಅಧಿಕಾರಿಯೂ ಅಲ್ಲಿರಬೇಕು.

ತಂಜಾವೂರಿನಿಂದ ಬಂದ ಆ ಓಲೆಗ್ರಂಥವು ಇಂದಿಗೂ ಮೈಸೂರಿನ ಸಂಶೋಧನಾಲಯದಲ್ಲಿ ಜೋಪಾನವಾಗಿದೆ. ಊರಿಗೆ ಬಂದವರು ಅದನ್ನು ನೋಡಲು ಬಯಸಿ ಹೋಗುವುದುಂಟು. ಚಾಮುಂಡಿಪುರದಲ್ಲಿ ಶಾಸ್ತ್ರಿಗಳು ತಮಗಾಗಿ ಒಂದು ಮನೆಯನ್ನು ಕಟ್ಟಿಸಿಕೊಂಡಿದ್ದರು. ಅದಕ್ಕೆ ಕೌಟಿಲ್ಯನ ಹೆಸರನ್ನಾಗಲಿ, ಹುಟ್ಟೂರಿನ ಹೆಸರನ್ನಾಗಲಿ ಇಡದೆ, ತಮ್ಮನ್ನು ಕಲ್ಕತ್ತೆಗೆ ಕರೆಸಿಕೊಂಡ ವೈಸ್ ಛಾನ್ಸಲರ ಹೆಸರನ್ನಿಟ್ಟರು: ಆಶುತೋಷ.